ಎರಡು ಬಡಿತ, ಆಮೇಲೆ ಒಂದು

ಹತ್ತು ನಿಮಿಷ ಕೇಳಿದ್ದು ಕಡಿಮೆಯಾಯಿತೇನೋ. ಅಥವಾ ಕೇಳಿದ್ದೇ ತಪ್ಪಾಯಿತೇನೋ. ಕಡಲಿನ ಏಳುನೂರು ಮೀಟರ್ ಆಳದಲ್ಲಿ ತಂಗಿ ಸಿಕ್ಕಿಬಿದ್ದಿದ್ದಾಳೆ. ಅವಳನ್ನು ಹುಡುಕಲು ಇಳಿದ ಯಂತ್ರದ ದೀಪಗಳನ್ನೆಲ್ಲ ಆರಿಸಿ ಎಂದವನು ಒಡಹುಟ್ಟಿದ ಅಣ್ಣ. ಕಾಣೆಯಾದವರನ್ನು ಹುಡುಕಲು ಹೋದವರು ಕಂದೀಲು ಊದಿ ಆರಿಸುವುದುಂಟೇ? ಅವಳಿಗೆ ಎಚ್ಚರ ತಪ್ಪಿದ್ದರೆ? ಎಚ್ಚರವಿದ್ದೂ ಹಳೆಯದೆಲ್ಲ ಮರೆತಿದ್ದರೆ?

ಎದುರಿನ ದೊಡ್ಡ ಪರದೆ ಕಪ್ಪಗಿತ್ತು. ಗೋಡೆಯ ಗಡಿಯಾರ ಸಂಜೆ ಐದು ಇಪ್ಪತ್ತೊಂದು ತೋರಿಸುತ್ತಿತ್ತು. ದಾಮೋದರ ಕುರ್ಚಿಯ ಬೆನ್ನನ್ನು ಹಿಡಿದು ನಿಂತಿದ್ದ. ಗಂಗೊಳ್ಳಿಯ ಈ ಕೋಣೆ ಒಂದು ಕಾಲದಲ್ಲಿ ಐಸ್ ಫ್ಯಾಕ್ಟರಿಯಾಗಿತ್ತು. ಯಂತ್ರಗಳನ್ನು ತೆಗೆದು ಪರದೆಗಳನ್ನು ತಂದಿಟ್ಟು ಆರು ವರ್ಷವಾಗಿದ್ದರೂ ಗೋಡೆಗಳಿಂದ ಮೀನಿನ ವಾಸನೆ ಹೋಗಿರಲಿಲ್ಲ. ಇಲ್ಲಿಂದ ನೂರು ಕಿಲೋಮೀಟರ್ ದೂರದಲ್ಲಿ ತಾಯಿಹಡಗು ನಿಂತಿತ್ತು. ಅದು ತಂತಿ ಕಟ್ಟಿ ಇಳಿಬಿಟ್ಟ ಹುಡುಕುಯಂತ್ರಕ್ಕೆ ಇಲ್ಲಿನವರು ಇಟ್ಟ ಹೆಸರು ಏಡಿ. ಅದನ್ನು ಈ ಕೋಣೆಯಲ್ಲೇ ಕೂತು ಓಡಿಸುವವನು ಆಲ್ವಿನ್ ಡಿಮೆಲ್ಲೊ. ಅವನ ಹಿಂದೆ, ಕೈ ಕಟ್ಟಿಕೊಂಡು, ಯೋಜನೆಯ ಮುಖ್ಯಸ್ಥೆ ಡಾಕ್ಟರ್ ಶಾಲಿನಿ ಬಾಳಿಗಾ.

"ಹತ್ತೇ ನಿಮಿಷ, ದಾಮೋದರ," ಎಂದಿದ್ದರು ಅವರು. "ಆಮೇಲೆ ನಾನು ದೀಪ ಹಾಕಿಸುತ್ತೇನೆ. ನೀವು ಅವಳ ಅಣ್ಣ ಅಂತ ಕೊಡ್ತಿರೋದಲ್ಲ, ತಿಳೀತಾ?"

ಅವನಿಗೆ ತಿಳಿದಿತ್ತು. ಸುಲಭವಾಗಿ ಸಿಗದಂತೆ ತಂಗಿಯನ್ನು ಅಡಗಿಸಿದವನು ತಾನೇ ಎಂಬುದೂ ತಿಳಿದಿತ್ತು.

ವಸಂತಿ ಇಳಿದಿದ್ದ ನೌಕೆಯ ಹೆಸರು 'ಸೋಗು'. ಒಬ್ಬರೇ ಕೂರುವ ಲೋಹದ ಗೋಳ, ಅದರ ಸುತ್ತ ಅಂಗೈ ದಪ್ಪದ ಮೆತ್ತನೆಯ ಚರ್ಮ. ಆ ಚರ್ಮ ದಾಮೋದರನ ಹನ್ನೊಂದು ವರ್ಷದ ಕೆಲಸ. ಕಲಿತದ್ದು ಕೊಡಲಿಮೀನಿನಿಂದ. ಆಳದಲ್ಲಿ ಹಗಲಿನ ಬೆಳಕು ಮೇಲಿನಿಂದ ನೀಲಿ ಮಸುಕಾಗಿ ಇಳಿಯುತ್ತದೆ. ಕೆಳಗೆ ಹೊಂಚು ಹಾಕಿ ಕೂತ ಬೇಟೆಗಾರನಿಗೆ ಮೇಲೆ ಹೋಗುವ ಪ್ರತಿಯೊಂದು ಮೀನೂ ಆ ಮಸುಕಿನ ಎದುರು ಕಪ್ಪು ನೆರಳಾಗಿ ಕಾಣುತ್ತದೆ. ಕೊಡಲಿಮೀನು ತನ್ನ ಹೊಟ್ಟೆಯುದ್ದಕ್ಕೂ ಸಾಲುದೀಪ ಇಟ್ಟುಕೊಂಡಿದೆ. ಮೇಲಿಂದ ಎಷ್ಟು ಬೆಳಕು ಬರುತ್ತದೋ ಅಷ್ಟನ್ನೇ, ಅದೇ ಬಣ್ಣದಲ್ಲಿ, ಹೊಟ್ಟೆಯಿಂದ ಕೆಳಕ್ಕೆ ಬಿಡುತ್ತದೆ. ಕಡಲ ಮೇಲೆ ಮೋಡ ಕವಿದರೆ ತಾನೂ ದೀಪ ತಗ್ಗಿಸುತ್ತದೆ. ನೆರಳೇ ಉಳಿಯುವುದಿಲ್ಲ.

ಒಂದು ನೌಕೆಗೂ ಇಂಥ ಮೈ ಕೊಟ್ಟರೆ? ಆಳದ ಜೀವಿಗಳ ನಡುವೆ ಮನುಷ್ಯ ಹೋಗಿ ಕೂತರೂ ಅವಕ್ಕೆ ತಿಳಿಯದಿದ್ದರೆ? ಈ ಒಂದು ಪ್ರಶ್ನೆಯ ಹಿಂದೆ ದಾಮೋದರ ತನ್ನ ಪ್ರಾಯವನ್ನೆಲ್ಲ ಕಳೆದಿದ್ದ. ಚರ್ಮ ಬೆಳಕಿನಲ್ಲಿ ಕರಗುವುದಷ್ಟೇ ಅಲ್ಲ, ನೌಕೆಯ ಸದ್ದನ್ನೂ ಹೊರಗಿನಿಂದ ಬಂದ ಸದ್ದನ್ನೂ ನುಂಗುವಂತೆ ಮಾಡಿದ್ದ. ಮೊದಲ ಇಳಿತದಲ್ಲಿ ಹತ್ತು ತೋಳಿನ ಒಂದು ಕಣವೆ ಮೀನು ವಸಂತಿಯ ಕಿಟಕಿಗೆ ತಲೆ ಒರಗಿಸಿ ಅರ್ಧ ಗಂಟೆ ನಿಂತಿತ್ತು. ಆ ಚಿತ್ರ ಜಗತ್ತನ್ನೆಲ್ಲ ಸುತ್ತಿತು. ಹೋದಲ್ಲೆಲ್ಲ ಜನ ಅವನ ಕೈ ಕುಲುಕಿದರು. ಈಗ ಅದೇ ಚರ್ಮ ಏಡಿಯ ಶಬ್ದಶೋಧಕ ಕಳಿಸಿದ ಪ್ರತಿಯೊಂದು ಕೂಗನ್ನೂ ನುಂಗಿ ಸುಮ್ಮನೆ ಕೂತಿತ್ತು.

ನಸುಕಿನ ನಾಲ್ಕಕ್ಕೆ ಮನೆಯಲ್ಲಿ ಎಲ್ಲವೂ ಎಂದಿನಂತಿತ್ತು. ಗಂಜಿಯ ತಟ್ಟೆಯ ಎದುರು ವಸಂತಿ ಅಣ್ಣನನ್ನು ಕೆಣಕುತ್ತಿದ್ದಳು. ಕಡಲಿಗೆ ಹೋದರೆ ವಾಂತಿ ಮಾಡುವ ಮೊಗವೀರ ಈ ಕರಾವಳಿಯಲ್ಲಿ ನೀನೊಬ್ಬನೇ ಇರಬೇಕು ಎಂದಳು. ಮಾತು ನಿಜವಾಗಿತ್ತು. ಅಪ್ಪ ಬಚ್ಚ ಮೊಗವೀರರು ಬಲೆದೋಣಿಯ ಮೂತಿಯಲ್ಲಿ ಮೂವತ್ತೆಂಟು ವರ್ಷ ಕೂತವರು. ಬೆಳದಿಂಗಳಿಲ್ಲದ ದಿನಗಳಲ್ಲಿ ನೀರಿನೊಳಗಿನ ಬೆಳಕು ನೋಡಿ ಮೀನು ಹೇಳುವುದು ಅವರ ಕೆಲಸ. ಅವರು ಮರದ ಕೊರಡಿನಿಂದ ದೋಣಿಯ ಅಂಚಿಗೆ ಬಡಿಯುತ್ತಿದ್ದರು. ಬೆಚ್ಚಿದ ಮೀನುಗಳು ಕಣ್ಣಿಗೆ ಕಾಣದ ನೀರಿನ ಜೀವಿಗಳನ್ನು ಕಲಕಿ, ನೀರೆಲ್ಲ ಒಮ್ಮೆ ಫಳಾರನೆ ಹೊಳೆಯುತ್ತಿತ್ತು. ಆ ಹೊಳಪಿನ ಆಕಾರ ನೋಡಿ ಬಂಗುಡೆಯೋ ಬೂತಾಯಿಯೋ ಎಂದು ಗೊತ್ತು ಮಾಡುತ್ತಿದ್ದರು. ಬಾಯಿ ಬಿಟ್ಟು ಹೇಳುವ ಹಾಗಿರಲಿಲ್ಲ. ದೋಣಿಯಲ್ಲಿ ಯಾರೂ ಮಾತಾಡಬಾರದು, ಯಾರೂ ಬೀಡಿ ಹಚ್ಚಬಾರದು. ಹಚ್ಚಿದವನನ್ನು ಮರುದಿನ ದೋಣಿಗೆ ಹತ್ತಿಸುತ್ತಿರಲಿಲ್ಲ. ಮೀನು ಇದೆ, ಬಲೆ ಬಿಡಿ ಎನ್ನಲು ಅಪ್ಪನ ಗುರುತು ಒಂದೇ. ಎರಡು ಬಡಿತ, ಒಂದು ಉಸಿರಿನಷ್ಟು ಬಿಡುವು, ಆಮೇಲೆ ಒಂದು.

ಆ ವಿದ್ಯೆ ಮಗನಿಗೆ ಎಂದು ಅಪ್ಪ ಇಟ್ಟಿದ್ದರು. ಮೂರು ಸಲ ಕರೆದುಕೊಂಡು ಹೋದರು. ಮೂರು ಸಲವೂ ಅವನು ದೋಣಿಯ ಅಂಚಿಗೆ ಬಾಗಿ ಕರುಳು ಕಾರಿಕೊಂಡ. ಮಗಳನ್ನು ಕರೆದುಕೊಂಡು ಹೋಗುವ ಪದ್ಧತಿ ಇರಲಿಲ್ಲ. ಅವಳು ಅಂಗಳದಲ್ಲಿ ಕವುಚಿ ಹಾಕಿದ್ದ ಹಳೆಯ ದೋಣಿಯ ಕೆಳಗೆ ನುಗ್ಗಿ ಕೂತು ಒಳಗಿನಿಂದ ಬಡಿಯುತ್ತಿದ್ದಳು. ಎರಡು, ಆಮೇಲೆ ಒಂದು. ಅಣ್ಣ ಬಂದು ಹುಡುಕಿ ತೆಗೆಯಬೇಕು. ಎಲ್ಲಿದ್ದಾಳೆಂದು ಗೊತ್ತಿದ್ದೂ ಅವನು ಬೇಕೆಂದೇ ಬಾವಿಕಟ್ಟೆ, ಸೌದೆಯ ಕೊಟ್ಟಿಗೆ ಎಲ್ಲ ಸುತ್ತಿ ಕಡೆಗೆ ದೋಣಿಯ ಬಳಿ ಬರುತ್ತಿದ್ದ. ಅವಳು ಬಡಿತ ನಿಲ್ಲಿಸಿದ್ದೇ ಇಲ್ಲ.

ಇವತ್ತು ಬೆಳಿಗ್ಗೆ ಅವಳು ಹೊರಟ ಮೇಲೆ ನೋಡಿದರೆ ಉಣ್ಣೆಯ ಸ್ವೆಟರು ಕುರ್ಚಿಯ ಮೇಲೆಯೇ ಇತ್ತು.

ಹನ್ನೊಂದು ನಲವತ್ತಕ್ಕೆ ಅವಳ ದನಿ ಕೊನೆಯ ಬಾರಿ ಕೇಳಿಸಿತ್ತು. ಕಡಲ ತಳದ ಒಂದು ಕಂದರದಲ್ಲಿ ಇಳಿಯುತ್ತಿದ್ದಳು. ಗೋಡೆಗೆ ಹಳೆಯ ಟ್ರಾಲ್ ಬಲೆಯೊಂದು ಜೋತುಬಿದ್ದಿದೆ, ಯಾರೋ ಕಳಕೊಂಡದ್ದು, ತೇಲುತ್ತ ಬಂದು ನೌಕೆಯ ಲೋಹದ ಕೈಗೆ ಸುತ್ತಿಕೊಂಡಿದೆ ಎಂದಳು. ಬಿಡಿಸಿಕೊಳ್ಳಲು ಹಿಂದಕ್ಕೆ ಎಳೆದಳು. ಅಲ್ಲಿಗೆ ಮಾತು ನಿಂತಿತು. ಬ್ಯಾಟರಿಯ ತಂತಿ ಹರಿದು ನೌಕೆ ಪೂರ್ತಿ ಸತ್ತಿರಬೇಕು ಎಂದು ಲೆಕ್ಕ ಹಾಕಿದರು. ತೂಕದ ಗುಂಡುಗಳನ್ನು ಉದುರಿಸಿ ಮೇಲೇರುವ ದಾರಿ ಇತ್ತು, ಬಲೆ ಬಿಟ್ಟರೆ ತಾನೆ? ಗಾಳಿ ಶುದ್ಧ ಮಾಡುವ ಯಂತ್ರ ನಿಂತ ಮೇಲೆ ಒಳಗಿನ ಗಾಳಿ ರಾತ್ರಿ ಎಂಟು ಗಂಟೆಯವರೆಗೆ ಸಾಕಾಗಬಹುದು. ಕಂದರ ಮೂರು ಕಿಲೋಮೀಟರ್ ಉದ್ದ. ಏಡಿ ದೀಪ ಹೊತ್ತಿಸಿಕೊಂಡು ಎರಡು ಸಲ ಅದರ ಉದ್ದಕ್ಕೂ ಹೋಗಿ ಬಂತು. ದೀಪದ ಎದುರು ಕಂಡದ್ದು ಹಿಮದಂತೆ ಉದುರುವ ಕಸ ಮಾತ್ರ. ಅದರಾಚೆ ಇಪ್ಪತ್ತು ಮೀಟರಿನಲ್ಲಿ ಏನಿದ್ದರೂ ಕಾಣುತ್ತಿರಲಿಲ್ಲ.

ಮೂರು ಗಂಟೆಗೆ ಬಾಳಿಗಾ ಅವನನ್ನು ಮನೆಗೆ ಕಳಿಸಿದರು. ಟಿವಿಯವರು ಹೇಳುವ ಮೊದಲು ನೀವೇ ಹೇಳಿ ಬನ್ನಿ ಎಂದರು. ಅಪ್ಪ ಜಗಲಿಯಲ್ಲಿ ಕೂತು ಯಾರದೋ ಬಲೆಯ ಹರಕು ಕಟ್ಟುತ್ತಿದ್ದರು. ಎಪ್ಪತ್ತನಾಲ್ಕು ವರ್ಷ, ಕಣ್ಣಿಗೆ ಪೊರೆ ಬಂದು ಈಗ ಬೆರಳಲ್ಲೇ ಕಣ್ಣಿ ಎಣಿಸುತ್ತಾರೆ. ದಾಮೋದರ ಹೇಳುತ್ತ ಹೋದ, ಅವರು ಕೈ ನಿಲ್ಲಿಸದೆ ಕೇಳಿದರು. ಅಮ್ಮ ಬಾಗಿಲ ಬಳಿ ನಿಂತಿದ್ದವಳು ಕೇಳಿದ್ದು ಒಂದೇ ಮಾತು.

"ಅಲ್ಲ್ ಚಳಿ ಇರತ್ತಾ?"

ಹತ್ತು ಡಿಗ್ರಿ ಎಂದು ಅವನಿಗೆ ಗೊತ್ತಿತ್ತು. ಸ್ವಲ್ಪ ಇರುತ್ತದೆ ಎಂದ. ಅವಳು ಒಳಗೆ ಹೋಗಿ ಕುರ್ಚಿಯ ಮೇಲಿನ ಸ್ವೆಟರು ತೆಗೆದು ಮಡಚತೊಡಗಿದಳು. ಮಡಚಿದ್ದನ್ನು ಬಿಡಿಸಿ ಮತ್ತೆ ಮಡಚಿದಳು.

"ಬಲೆ ಹಳೇದಾ, ಹೊಸ್ತಾ?" ಎಂದು ಅಪ್ಪ ಕೇಳಿದರು.

"ಹಳೇದು ಅಂದ್ಲ್."

"ನೀರಂಗೆ ವರ್ಷಗಟ್ಲೆ ಇದ್ದ್ ಬಲೆ ಅಂದ್ರೆ ಮೈಯೆಲ್ಲ ಜೀವ ಹತ್ಕಂಡ್ ಇರತ್ತ್. ಅಲ್ಗಾಡ್ಸಿರೆ ಹೊಳಿತ್ತ್." ಅಪ್ಪ ದಾರ ಕಚ್ಚಿ ಹರಿದರು. "ನೀವ್ ಅಲ್ಲಿ ದೀಪ ಹೊತ್ಸ್ಕಂಡ್ ಹುಡ್ಕ್ತಾ ಇದ್ರ್ಯಾ?"

"ಹೌದ್."

ಅಪ್ಪ ಮುಖ ಎತ್ತಿ ಮಗನ ದನಿ ಬಂದ ಕಡೆ ನೋಡಿದರು. ಬೈಯುತ್ತಾರೆ ಎಂದುಕೊಂಡ. ಬೈಯಲಿಲ್ಲ.

"ಅವ್ಳ್ ಬಡಿತ್ಲ್," ಎಂದರು. "ದೀಪ ಆರ್ಸಿ ಕಾಣಿ."

ಸ್ಕೂಟರಿನಲ್ಲಿ ಹಿಂದಿರುಗುವಾಗ ದಾಮೋದರ ಅದನ್ನು ತನ್ನ ವಿಜ್ಞಾನದ ಭಾಷೆಗೆ ತಿರುಗಿಸಿ ನೋಡಿದ. ನೌಕೆಯ ಚರ್ಮ ಸದ್ದು ನುಂಗುತ್ತದೆ, ಒಳಗಿನಿಂದ ಬಡಿದರೆ ಹೊರಗೆ ಬರುವುದಿಲ್ಲ. ಕಿಟಕಿ ಬಿಟ್ಟರೆ ಚರ್ಮವಿಲ್ಲದ ಒಂದೇ ಜಾಗ ಲೋಹದ ಕೈಯ ಬುಡ. ಬಲೆ ಸುತ್ತಿಕೊಂಡಿರುವುದೂ ಆ ಕೈಗೇ. ಒಳಗಿನಿಂದ ಆ ಬುಡಕ್ಕೆ ಸ್ಪ್ಯಾನರಿನಿಂದ ಬಡಿದರೆ ಬಲೆ ಕಂಪಿಸುತ್ತದೆ. ಅದರಲ್ಲಿ ನೆಲೆಸಿದ ಹುಳು, ಸೀಗಡಿ, ಲೋಳೆಜೀವಿಗಳೆಲ್ಲ ಬೆಚ್ಚಿ ಮಿನುಗುತ್ತವೆ. ಆಳದಲ್ಲಿ ಹತ್ತರಲ್ಲಿ ಏಳೆಂಟು ಪ್ರಾಣಿಗಳಿಗೆ ಸ್ವಂತ ಬೆಳಕಿದೆ. ಆದರೆ ದೊಡ್ಡ ದೀಪ ಎದುರಿಗೆ ಬಂದರೆ ಅವು ಮುಚ್ಚಿಕೊಳ್ಳುತ್ತವೆ, ಇಲ್ಲವೇ ಅವುಗಳ ಬೆಳಕು ಆ ಪ್ರಖರತೆಯಲ್ಲಿ ಮುಳುಗುತ್ತದೆ. ಇಷ್ಟು ಹೊತ್ತೂ ನಾವು ಅವಳ ಬಾಯಿ ಮುಚ್ಚುತ್ತಲೇ ಅವಳನ್ನು ಕರೆಯುತ್ತಿದ್ದೆವು ಎಂದುಕೊಂಡ.

ಬಾಳಿಗಾ ಒಪ್ಪಲು ಒಂದೂವರೆ ಗಂಟೆಗೂ ಹೆಚ್ಚು ಬೇಕಾಯಿತು. ದೀಪವಿಲ್ಲದೆ ಏಡಿ ಬಂಡೆಗೆ ಬಡಿದರೆ ಇದ್ದ ಒಂದು ಯಂತ್ರವೂ ಹೋದಂತೆ. ಮೂರನೆಯ ಸುತ್ತೂ ಬರಿಗೈಯಾದ ಮೇಲೆ, ದಾಮೋದರ ಇನ್ನೊಂದು ವಿಷಯ ನೆನಪಿಸಿದ. ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗಿದೊಡನೆ ಆಳದ ಜೀವಿಗಳೆಲ್ಲ ಮೇವಿಗಾಗಿ ಮೇಲೇರತೊಡಗುತ್ತವೆ. ಕೋಟಿಗಟ್ಟಲೆ ಮಿನುಗು. ಆಗ ಅವಳ ಬೆಳಕು ಯಾವುದು, ಬೇರೆಯದು ಯಾವುದು ಎಂದು ಯಾರಿಗೂ ಹೇಳಲಾಗುವುದಿಲ್ಲ.

ಹೀಗೆ ಸಿಕ್ಕಿದ್ದು ಹತ್ತು ನಿಮಿಷ.

ಏಡಿ ಕಂದರದ ನಡುವೆ ಅಲುಗಾಡದೆ ನಿಂತಿತ್ತು. ಪರದೆಯ ಕಪ್ಪಿನಲ್ಲಿ ನಿಧಾನವಾಗಿ ಕಣ್ಣು ಹೊಂದಿಕೊಂಡಿತು. ನೀಲಿಯ ಒಂದು ಚುಕ್ಕಿ ಹುಟ್ಟಿ ಆರಿತು. ಎಲ್ಲೋ ಒಂದು ಸೀಗಡಿ ಹೊಳೆಯುವ ಉಗುಳು ಉಗುಳಿ ಅದರ ಮರೆಯಲ್ಲಿ ಓಡಿತು. ನಾಲ್ಕನೇ ನಿಮಿಷದಲ್ಲಿ ಬಲಗಡೆ ಒಂದು ಬೆಳಕಿನ ಚಕ್ರ ಗಿರಗಿರನೆ ತಿರುಗಿತು.

"ಅದು, ಅದು ಅಲ್ವಾ?" ಆಲ್ವಿನ್ ಎದ್ದೇಬಿಟ್ಟ.

ಅಲ್ಲ ಎಂದ ದಾಮೋದರ. ಅದು ಲೋಳೆಮೀನು. ಅದನ್ನು ಯಾರೋ ಕಚ್ಚುತ್ತಿದ್ದಾರೆ. ಕಚ್ಚಿದವನನ್ನು ತಿನ್ನುವ ಇನ್ನೂ ದೊಡ್ಡವನಿಗೆ ಕಾಣಲಿ ಎಂದು ಚಕ್ರ ತಿರುಗಿಸಿ ಕೂಗುತ್ತಿದೆ. ಆಲ್ವಿನ್ ಕೂತ. ಪಾಪ, ನಮ್ಮ ಹಾಗೆಯೇ ಮಾರಾಯ್ರೆ, ಎಂದು ತನ್ನಷ್ಟಕ್ಕೆ ಹೇಳಿಕೊಂಡ.

ಆರು ನಿಮಿಷ. ಎಂಟು. ಕೋಣೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಅಪ್ಪನ ದೋಣಿ ಹೀಗೆಯೇ ಇರುತ್ತಿತ್ತು ಎಂದು ದಾಮೋದರನಿಗೆ ಅನಿಸಿತು. ಹನ್ನೆರಡು ಗಂಡಸರು ಹುಟ್ಟು ಎತ್ತಿ ಹಿಡಿದು, ಉಸಿರು ಹಿಡಿದು, ಮೂತಿಯಲ್ಲಿ ಕೂತ ಒಬ್ಬನ ಕೈಯನ್ನೇ ಕಾಯುತ್ತಿದ್ದರು. ಆ ಒಬ್ಬನ ಮನಸ್ಸಿನಲ್ಲಿ ಏನಿರುತ್ತಿತ್ತೋ ಎಂದು ಅವನು ಆವರೆಗೆ ಯೋಚಿಸಿರಲಿಲ್ಲ.

ಐದು ಮೂವತ್ತೊಂದು. ಬಾಳಿಗಾ ಮುಂದೆ ಬಂದರು.

"ಆಯ್ತು, ದಾಮೋದರ. ಆಲ್ವಿನ್, ದೀಪ."

"ಕಂಡಿತು," ಎಂದ ದಾಮೋದರ.

ಸ್ವಿಚ್ಚಿನ ಮೇಲಿದ್ದ ಆಲ್ವಿನ್‌ನ ಬೆರಳು ಅಲ್ಲೇ ನಿಂತಿತು. "ಎಲ್ಲಿ?"

"ಎಡಕ್ಕೆ. ಅಂಚಿನಲ್ಲಿ. ಎರಡು, ಆಮೇಲೆ ಒಂದು."

"ನಂಗೆ ಕಾಣ್ಲಿಲ್ಲ."

"ಇನ್ನೊಮ್ಮೆ ಬರುತ್ತದೆ. ಒಂದು ಸಲ ಮಿನುಗಿದ ಜೀವಿಗೆ ಮತ್ತೆ ಬೆಳಕು ಕೂಡಿಸಿಕೊಳ್ಳಲು ಹೊತ್ತು ಬೇಕು. ಅದು ಅವಳಿಗೆ ಗೊತ್ತು. ಕಾದು ಬಡಿಯುತ್ತಾಳೆ. ಇನ್ನು ಐದು ನಿಮಿಷ ಕೊಡಿ ಮೇಡಂ."

ಬಾಳಿಗಾ ಅವನ ಮುಖ ನೋಡಿದರು. ಅವನು ಪರದೆಯಿಂದ ಕಣ್ಣು ಕೀಳಲಿಲ್ಲ. ಅವರು ಕೈ ಕಟ್ಟಿಕೊಂಡು ಮತ್ತೆ ಹಿಂದೆ ಸರಿದು ನಿಂತರು.

ಐದು ಮೂವತ್ತೈದಕ್ಕೆ ಕಂದರದ ಗೋಡೆ ಹೊತ್ತಿಕೊಂಡಿತು.

ಮೊದಲು ಒಂದು ಗೆರೆ. ಗೆರೆಯಿಂದ ಗೆರೆ ಹುಟ್ಟಿ, ಕಣ್ಣಿಯಿಂದ ಕಣ್ಣಿಗೆ ಹರಿದು, ದೇವಸ್ಥಾನದ ಗೋಡೆಯಷ್ಟು ಎತ್ತರದ ಬಲೆಯೊಂದು ನೀಲಿಯಾಗಿ ತೆರೆದುಕೊಂಡಿತು. ಅದು ಮಂಕಾಗುವ ಮೊದಲೇ ಎರಡನೆಯ ಅಲೆ. ಆಮೇಲೆ ಒಂದು ಉಸಿರಿನಷ್ಟು ಕತ್ತಲು. ಆಮೇಲೆ ಮೂರನೆಯದು. ಆ ಹೊಳಪಿನ ನಡುವೆ ಬೆಳಕಿಲ್ಲದ ಒಂದು ದುಂಡು ಜಾಗ ಇತ್ತು. ಜಗತ್ತಿನಲ್ಲಿ ಯಾರಿಗೂ ಕಾಣದಂತೆ ದಾಮೋದರ ಮಾಡಿದ್ದ ನೌಕೆಯ ನೆರಳು ಅದು.

ಆಲ್ವಿನ್ ಶಿಲುಬೆಯ ಗುರುತು ಮಾಡಿಕೊಂಡು ಸನ್ನೆಕೋಲು ತಿರುಗಿಸಿದ. ತಿರುಗಿಸುತ್ತಲೇ, "ದಾಮಣ್ಣ, ನೀವು ಎಡ ಅಂದ್ರಿ. ಇದು ಬಲ," ಎಂದ. ಯಾರೋ ನಕ್ಕರು. ಕಡಲಾಳದ ಬೆಳಕು ಓದುವವರಿಗೆ ಎಡ ಬಲ ಗೊತ್ತಿರಬೇಕಾಗಿಲ್ಲ ಎಂದು ಬಾಳಿಗಾ ಹೇಳಿದರು.

ಬಲೆ ಕತ್ತರಿಸಲು ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಆಳದ ಸಂಜೆಯ ಮೆರವಣಿಗೆ ಹೊರಟು, ಪರದೆಯ ತುಂಬ ಲಕ್ಷಾಂತರ ಕಿಡಿಗಳು ಮೇಲಕ್ಕೆ ಹರಿಯುತ್ತಿದ್ದವು. ಅವುಗಳ ಜೊತೆಯಲ್ಲೇ ಸೋಗು ಕೂಡ ತೇಲುತ್ತ ಏರಿತು. ಏಳೂ ಕಾಲಿಗೆ ತಾಯಿಹಡಗಿನವರು ಮುಚ್ಚಳ ತೆರೆದರು. ರೇಡಿಯೋದಲ್ಲಿ ವಸಂತಿಯ ದನಿ ಒಣಗಿ ಒರಟಾಗಿತ್ತು.

"ಅಣ್ಣ, ಸ್ವೆಟರ್ ಮರ್ತ್ ಬಂದಿದ್ದೆ ಕಾಣ್."

ದಾಮೋದರ ಮೈಕು ಎತ್ತಿಕೊಂಡು ಕುರ್ಚಿಗೆ ಒರಗಿದ. ಆಲ್ವಿನ್ ಅವನ ಕೈಯಿಂದ ಮೈಕು ತೆಗೆದುಕೊಂಡು, ನಿಮ್ಮಣ್ಣನಿಗೆ ಈಗ ನೆಲದ ಮೇಲೂ ವಾಂತಿ ಬರುವ ಹಾಗಿದೆ ಎಂದು ವರದಿ ಒಪ್ಪಿಸಿದ.

ಮೂರನೆಯ ದಿನ ಅವಳು ಮನೆಗೆ ಬಂದಳು. ಅಂಗಳದ ತುಂಬ ಜನ. ಎಲ್ಲರಿಗೂ ಅವಳು ಅದನ್ನೇ ಮತ್ತೆ ಮತ್ತೆ ಹೇಳಿದಳು. ಮೂರು ಗಂಟೆಯಿಂದ ಬಡಿಯತೊಡಗಿದೆ, ಬಲೆಗೆ ದಣಿವಾಗದಿರಲಿ ಎಂದು ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಬಿಟ್ಟು ಬಡಿದೆ, ಕಿಟಕಿಯಾಚೆ ಅಷ್ಟು ಚಂದ ಇತ್ತೆಂದರೆ ಹೆದರಿಕೆಯೇ ಮರೆಯುತ್ತಿತ್ತು. ಅಣ್ಣ ಕಾಣ್ತ ಅಂತ ಗೊತ್ತಿತ್ತ್, ಎಂದಳು. ಅದನ್ನು ಅವಳು ನಾಳೆ ಮಂಗಳವಾರ ಎನ್ನುವಷ್ಟು ಸಹಜವಾಗಿ ಹೇಳಿದಳು. ಅದನ್ನು ಕೇಳಿದಾಗಲೆಲ್ಲ ದಾಮೋದರನ ಎದೆ ತುಂಬಿ ಬರುತ್ತಿತ್ತು. ಏಳುನೂರು ಮೀಟರ್ ಕತ್ತಲಲ್ಲಿ, ಚಳಿಯಲ್ಲಿ, ಗಾಳಿ ಕೆಡುತ್ತಿರುವಾಗ, ಕೈಗಡಿಯಾರದ ಹೊಳೆಯುವ ಮುಳ್ಳು ನೋಡಿಕೊಂಡು ಲೆಕ್ಕ ತಪ್ಪದೆ ಬಡಿದ ಕೈ ತನ್ನ ತಂಗಿಯದು. ಬಂದವರೆಲ್ಲ ತನ್ನನ್ನು ಹೊಗಳುತ್ತಿದ್ದರೂ ಅವನು ಅವಳ ಆ ಕೈಯನ್ನೇ ನೋಡುತ್ತಿದ್ದ. ಸ್ಪ್ಯಾನರು ಹಿಡಿದ ಕಡೆ ಬೊಬ್ಬೆ ಎದ್ದಿತ್ತು.

ಅವಳ ಟಿಪ್ಪಣಿ ಪುಸ್ತಕ ಜಗಲಿಯ ಮೇಲೆ ಬಿದ್ದಿತ್ತು. ಪ್ರತಿ ಸಲ ಬಡಿದ ಹೊತ್ತನ್ನೂ ಅವಳು ಕತ್ತಲಲ್ಲೇ ಪೆನ್ಸಿಲಿನಿಂದ ಗೀಚಿದ್ದಳು. ದಾಮೋದರ ಕೊನೆಯ ಸಾಲುಗಳನ್ನು ಓದಿದ. ಐದು ಇಪ್ಪತ್ತು. ಅದರ ಕೆಳಗೆ ಐದು ಮೂವತ್ತೈದು. ನಡುವೆ ಏನೂ ಇರಲಿಲ್ಲ. ಅವನು ಪುಸ್ತಕ ಮುಚ್ಚಿ ಅವಳ ಚೀಲದಲ್ಲಿಟ್ಟ. ಬಾಳಿಗಾ ತಮ್ಮ ವರದಿಯಲ್ಲಿ ಮೊದಲ ಬೆಳಕು ಕಂಡ ಹೊತ್ತನ್ನು ಐದು ಮೂವತ್ತೊಂದು ಎಂದೇ ಬರೆದಿದ್ದರು. ಆ ನಿಮಿಷದ ಚಿತ್ರವನ್ನು ಅವರು ತೆಗೆದು ನೋಡಿದ್ದರೋ ಇಲ್ಲವೋ ಅವನು ಕೇಳಲಿಲ್ಲ.

ಜನ ಚದುರಿದ ಮೇಲೆ ಅಪ್ಪ ಅವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಅವರು ಬೆಳಿಗ್ಗೆಯಿಂದ ಬಂದವರಿಗೆಲ್ಲ ನಮ್ಮ್ ದಾಮುನ್ ಕಣ್ಣ್ ಎಂದು ಹೇಳುತ್ತಿದ್ದುದನ್ನು ಅವನು ಒಳಗಿನಿಂದ ಕೇಳಿದ್ದ. ನಲವತ್ತು ವರ್ಷದಲ್ಲಿ ಆ ದನಿಯಲ್ಲಿ ತನ್ನ ಹೆಸರು ಕೇಳಿದ್ದು ಅದೇ ಮೊದಲು. ಒಳಗೆ ಅಮ್ಮ ವಸಂತಿಗೆ ಸೆಕೆಯಲ್ಲೂ ಸ್ವೆಟರು ತೊಡಿಸಲು ನೋಡುತ್ತಿದ್ದಳು, ಅವಳು ಜಗಳವಾಡುತ್ತಿದ್ದಳು. ಅಪ್ಪ ಬಲೆಯ ದಾರಕ್ಕೆ ಮೇಣ ಉಜ್ಜತೊಡಗಿದರು.

"ದಾಮು, ಮೊದಲ್ನೇದ್ ಕಂಡಿದ್ಯಾ?"

ದಾಮೋದರ ಅಂಗಳದಾಚೆ ಕವುಚಿ ಬಿದ್ದಿದ್ದ ಹಳೆಯ ದೋಣಿಯನ್ನು ನೋಡಿದ. ಹಲಗೆಗಳು ಬಿರುಕು ಬಿಟ್ಟು ಒಳಗಿನ ಕತ್ತಲು ಗೆರೆಗೆರೆಯಾಗಿ ಕಾಣುತ್ತಿತ್ತು. ಅಪ್ಪ ಮತ್ತೆ ಕೇಳಲಿಲ್ಲ. ಮಗನ ಮೊಣಕಾಲಿನ ಮೇಲೆ ಕೈ ಇಟ್ಟು, ಬೆರಳಿನಿಂದ ಮೆಲ್ಲಗೆ ಎರಡು ಸಲ ತಟ್ಟಿದರು, ಆಮೇಲೆ ಒಂದು ಸಲ, ಮತ್ತೆ ದಾರಕ್ಕೆ ಮರಳಿದರು.

ಐದು ಮೂವತ್ತೊಂದಕ್ಕೆ ತಾನು ಪರದೆಯ ಮೇಲೆ ಏನನ್ನೂ ಕಂಡಿರಲಿಲ್ಲವೆಂದು ದಾಮೋದರ ಯಾರಿಗೂ ಎಂದೂ ಹೇಳಲಿಲ್ಲ.